ಹಿಮಶೂರನ ಮೊಮ್ಮಗ ಸೋಮಾರಿ

ಹೊಟ್ಟೆಪಾಡಿಗೆ ಸುಳ್ಳು ಹೇಳುವವರಿದ್ದಾರೆ, ಹೆದರಿಕೊಂಡು ಹೇಳುವವರಿದ್ದಾರೆ. ನಮ್ಮ ಮೀಟರಪ್ಪ ಹೇಳಿದ್ದು ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ. ಅದೂ ಸಿನಿಮಾದ ಇಂಟರ್‌ವಲ್‌ನಲ್ಲಿ, ಕೈಯಲ್ಲಿದ್ದ ಐಸ್‌ಕ್ರೀಮು ಕರಗಿ ಮೊಣಕೈವರೆಗೆ ಇಳಿಯುತ್ತಿದ್ದಾಗ. ಅಂಥ ಸ್ಥಿತಿಯಲ್ಲಿ ಯಾರೇ ಆಗಲಿ ಯೋಚಿಸಿ ಮಾತಾಡುವುದು ಕಷ್ಟ.

ಮೀಟರಪ್ಪ ನೀರು ಸರಬರಾಜು ಕಚೇರಿಯ ಮೀಟರ್ ರೀಡರು. ಮನೆಮನೆಗೆ ಹೋಗುವುದು, ಗೇಟಿನ ಪಕ್ಕದ ಗುಂಡಿಯ ಮುಚ್ಚಳ ಎತ್ತುವುದು, ಜೇಡರ ಬಲೆ ಸರಿಸುವುದು, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ ಅಂಕಿ ಬರೆದುಕೊಳ್ಳುವುದು. ಹದಿನೇಳು ವರ್ಷದ ಸೇವೆಯಲ್ಲಿ ಅವನನ್ನು ಒಂಬತ್ತು ನಾಯಿಗಳು ಕಚ್ಚಿದ್ದವು. ಹತ್ತನೆಯದು ಕಚ್ಚಲಿಲ್ಲ. ಅದು ಪಂಪ್‌ಹೌಸಿನ ಹಿಂದಿನ ಮೋರಿಯಲ್ಲಿ ಹುಟ್ಟಿದ, ಕಂದು ಬಣ್ಣದ, ಒಂದು ಕಿವಿ ಹರಿದ ನಾಯಿ. ಎದ್ದು ಬಂದು ಕಚ್ಚುವಷ್ಟು ಶ್ರಮ ಅದಕ್ಕೆ ಹಿಡಿಸುತ್ತಿರಲಿಲ್ಲ. ಮೀಟರಪ್ಪನಿಗೆ ಅದರ ಈ ಸ್ವಭಾವ ತುಂಬ ಇಷ್ಟವಾಯಿತು. ಅರ್ಧ ಬಿಸ್ಕತ್ತು ಕೊಟ್ಟ. ಅಂದಿನಿಂದ ಅದು ಅವನು ಹೋದಲ್ಲೆಲ್ಲ ಹಿಂದೆ ಬರತೊಡಗಿತು. ಅವನು ನಿಂತರೆ ಮಲಗುತ್ತಿತ್ತು, ಹೊರಟರೆ ಏಳುತ್ತಿತ್ತು. ಬೇರೆ ಯಾರು ಕರೆದರೂ ಕಣ್ಣು ಕೂಡ ಬಿಡುತ್ತಿರಲಿಲ್ಲ. ಓಣಿಯವರು ಅದಕ್ಕೆ ಸೋಮಾರಿ ಅಂತ ಹೆಸರಿಟ್ಟರು. ಕಚೇರಿಯಲ್ಲಿ ಮೇಲಧಿಕಾರಿಯಿಂದ ಜವಾನನವರೆಗೆ ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಮೀಟರಪ್ಪನನ್ನು ಈ ಲೋಕದಲ್ಲಿ ಒಂದು ಜೀವವಾದರೂ ದೊಡ್ಡ ಮನುಷ್ಯ ಎಂದು ನಂಬಿತ್ತು. ಅವನು ಆ ನಾಯಿಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ.

ಇನ್ನು ಷಡ್ಡಕರು. ಮೀಟರಪ್ಪನ ಹೆಂಡತಿಯ ಅಕ್ಕನ ಗಂಡ. ಫ್ರಿಜ್ ಅಂಗಡಿಯ ಮ್ಯಾನೇಜರು. ಅವರ ಮನೆಯಲ್ಲೂ ಒಂದು ನಾಯಿ ಇತ್ತು. ಅದು ಹಿಮದ ನಾಡಿನಿಂದ ವಿಮಾನದಲ್ಲಿ ಬಂದದ್ದು. ಬೆಳ್ಳಗೆ, ನೀಲಿ ಕಣ್ಣು, ಕರುವಿನಷ್ಟು ಎತ್ತರ. ಅದರ ಅಪ್ಪ, ಅಜ್ಜ, ಮುತ್ತಜ್ಜನ ಹೆಸರಿರುವ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹಾಕಿಸಿ ಷಡ್ಡಕರು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಅವರ ಸ್ವಂತ ಮುತ್ತಜ್ಜನ ಹೆಸರು ಅವರಿಗೆ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಆ ಭಾನುವಾರ ಎರಡೂ ಸಂಸಾರ ಕೂಡಿ ಹೋದದ್ದು ಕಾರ್ಟೂನು ಸಿನಿಮಾಕ್ಕೆ. ಮಂಜಿನ ಬೆಟ್ಟದ ಆಚೆ ಒಂದು ಹಳ್ಳಿ, ಹಳ್ಳಿ ತುಂಬ ಕೆಮ್ಮುವ ಮಕ್ಕಳು, ಔಷಧಿ ಇರುವುದು ಬೆಟ್ಟದ ಈಚೆ. ಹಿಮಶೂರ ಎಂಬ ನಾಯಿ ಔಷಧಿಯ ಪೆಟ್ಟಿಗೆ ಇಟ್ಟ ಹಿಮಬಂಡಿಯನ್ನು ಎಳೆದುಕೊಂಡು ಹೊರಡುತ್ತದೆ. ಬಿರುಗಾಳಿ ಬರುತ್ತದೆ, ಕಾಲಡಿಯ ಮಂಜುಗಡ್ಡೆ ಬಿರುಕು ಬಿಡುತ್ತದೆ, ಬಂಡಿ ಓಡಿಸುವವನು ಪ್ರಜ್ಞೆ ತಪ್ಪುತ್ತಾನೆ, ತೋಳಗಳು ಸುತ್ತುವರಿಯುತ್ತವೆ. ಹಿಮಶೂರ ನಿಲ್ಲುವುದಿಲ್ಲ. ಬಿಡುವು ಸಿಕ್ಕಾಗ ಎರಡು ಹಾಡು ಕೂಡ ಹಾಡುತ್ತಾನೆ.

ಇಂಟರ್‌ವಲ್‌ನಲ್ಲಿ ಷಡ್ಡಕರು ಎಲ್ಲರಿಗೂ ಕೇಳುವಂತೆ ಶುರು ಮಾಡಿದರು. "ನೋಡಿದ್ಯೇನಪ್ಪಾ ಆ ಎದೆ, ಆ ಬಾಲ? ಥೇಟ್ ನಮ್ಮ ನಾಯಿ. ಒಂದೇ ತಳಿ. ತಳಿ ಅನ್ನೋದು ಸುಮ್ಮನೆ ಬರಲ್ಲ. ನಿಮ್ಮನೇಲೂ ಒಂದು ಇದೆಯಲ್ಲ, ಅದು ಯಾವ ತಳಿ? ಮೋರಿ ತಳಿನಾ?"

ಅತ್ತಿಗೆ ನಕ್ಕರು. ಅತ್ತಿಗೆಯ ಮಕ್ಕಳು ನಕ್ಕರು. ಹಿಂದಿನ ಸೀಟಿನ ಅಪರಿಚಿತರೂ ಸೌಜನ್ಯಕ್ಕೆ ನಕ್ಕರು. ಮೀಟರಪ್ಪನ ಹೆಂಡತಿ ತಲೆ ತಗ್ಗಿಸಿ ಪಾಪ್‌ಕಾರ್ನಿನ ಪೊಟ್ಟಣದೊಳಗೆ ನೋಡತೊಡಗಿದಳು. ಅವಳು ಹಾಗೆ ತಲೆ ತಗ್ಗಿಸಿದ್ದು ಮೀಟರಪ್ಪನಿಗೆ ಸಹಿಸಲಾಗಲಿಲ್ಲ.

"ಹೇಳ್ಬಾರದು ಅಂತಿದ್ದೆ ಭಾವ," ಎಂದ. "ನಮ್ಮ ಸೋಮಾರಿ ಆ ಹಿಮಶೂರನ ಸ್ವಂತ ಮೊಮ್ಮಗ."

ಹಿಮಶೂರ ಕಾಗದದ ಮೇಲೆ ಬರೆದ ನಾಯಿ. ಬರೆದ ನಾಯಿಗೆ ಮಕ್ಕಳಾಗುವುದಿಲ್ಲ, ಮೊಮ್ಮಕ್ಕಳಂತೂ ದೂರದ ಮಾತು. ಇಷ್ಟು ಸಣ್ಣ ವಿಷಯ ಆ ಸಾಲಿನಲ್ಲಿ ಕೂತ ಒಬ್ಬರಿಗೂ ಹೊಳೆಯಲಿಲ್ಲ. ಷಡ್ಡಕರು ಕೇಳಿದ್ದು ಬೇರೆಯೇ ಪ್ರಶ್ನೆ.

"ಪೇಪರ್ ಇದೆಯಾ?"

"ಇದೆ."

"ತೋರಿಸು."

"ಮುಂದಿನ ಭಾನುವಾರ," ಎಂದ ಮೀಟರಪ್ಪ, ಮೊಣಕೈ ಒರೆಸಿಕೊಳ್ಳುತ್ತ.

ಸೋಮವಾರ ಬೆಳಿಗ್ಗೆ ಅವನು ಪುರಸಭೆಯ ಲೈಸೆನ್ಸ್ ಕಿಟಕಿಯ ಮುಂದೆ ನಿಂತಿದ್ದ. ಆ ಕಿಟಕಿಯ ಗುಮಾಸ್ತರು ಇಡೀ ಕಚೇರಿಗೇ ಶಿಸ್ತಿನ ಸಿಪಾಯಿ ಎಂದು ಹೆಸರಾದವರು. ಅರ್ಜಿಯಲ್ಲಿ ಒಂದು ಅಂಕಣ ಖಾಲಿ ಇದ್ದರೂ ಮುದ್ರೆ ಒತ್ತುತ್ತಿರಲಿಲ್ಲ. ಎಲ್ಲ ಅಂಕಣವೂ ತುಂಬಿದ್ದರೆ ಒತ್ತದೆ ಬಿಡುತ್ತಿರಲಿಲ್ಲ. ಅಂಕಣದೊಳಗೆ ಏನಿದೆ ಎಂದು ಓದುವುದು ತಮ್ಮ ಕೆಲಸವಲ್ಲ, ಅದಕ್ಕೆ ಬೇರೆ ಹುದ್ದೆ ಇದೆ, ಆ ಹುದ್ದೆ ಹನ್ನೊಂದು ವರ್ಷದಿಂದ ಖಾಲಿ ಇದೆ ಎಂಬುದು ಅವರ ನಿಲುವು. ನಾಯಿ ಲೈಸೆನ್ಸಿನ ಏಳನೆಯ ಅಂಕಣ "ತಳಿ ಮತ್ತು ವಂಶ." ಮೀಟರಪ್ಪ ಮೊದಲು ಅದನ್ನು ಖಾಲಿ ಬಿಟ್ಟ. ಅರ್ಜಿ ಹಿಂದೆ ಬಂತು. ಗೆರೆ ಎಳೆದ. ಮತ್ತೆ ಹಿಂದೆ ಬಂತು.

"ಗೆರೆ ಅಂದ್ರೆ ಖಾಲಿನೇ," ಎಂದರು ಗುಮಾಸ್ತರು. "ಅಕ್ಷರ ಇರಬೇಕು."

ಮೀಟರಪ್ಪ ಆಚೆ ಈಚೆ ನೋಡಿ, ಕೈ ಅಡ್ಡ ಇಟ್ಟುಕೊಂಡು ಬರೆದ: "ಹಿಮಬಂಡಿ ತಳಿ. ಸಿನಿಮಾದ ಹಿಮಶೂರನ ಮಗನ ಮಗ." ಮುದ್ರೆ ಧಡ್ ಎಂದು ಬಿತ್ತು. ಮೋರಿಯಲ್ಲಿ ಹುಟ್ಟಿದ ಪ್ರಾಣಿಯೊಂದು ಒಂದೇ ಏಟಿಗೆ ಸರ್ಕಾರಿ ದಾಖಲೆಯ ಪ್ರಕಾರ ವೀರವಂಶದ್ದಾಯಿತು. ಸೋಮಾರಿ ಆಗ ಕಿಟಕಿಯ ಕೆಳಗೆ ಮಲಗಿ ಹೊಟ್ಟೆ ಕೆರೆದುಕೊಳ್ಳುತ್ತಿತ್ತು.

ಮುಂದಿನ ಭಾನುವಾರ ಷಡ್ಡಕರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಮುದ್ರೆಯನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಚಹಾ ಅರ್ಧಕ್ಕೇ ಬಿಟ್ಟು ತಲೆನೋವು ಅಂತ ಎದ್ದು ಹೋದರು. ಅವತ್ತು ಸಂಜೆ ಮೀಟರಪ್ಪ ಕನ್ನಡಿಯ ಮುಂದೆ ಎರಡು ಸಲ ನಿಂತ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆ ಲೈಸೆನ್ಸಿಗೆ ಕಟ್ಟು ಹಾಕಿಸಿ ಬಾಗಿಲ ಎದುರಿಗೇ ನೇತುಹಾಕಿದರೆ ಅದು ಎಲ್ಲಿ ನಿಲ್ಲುತ್ತದೆ? ಮೊದಲು ಓದಿದವರು ಎದುರು ಅಂಗಡಿಯ ಟೈಲರು. ಮೂರು ದಿನದಲ್ಲಿ ಸೋಮಾರಿಗೆ ಕೆಂಪು ಕೋಟು ಹೊಲಿದು ತಂದರು. ನಾಲ್ಕನೆಯ ದಿನ ತಮ್ಮ ಬೋರ್ಡಿನಲ್ಲಿ "ಹಿಮಶೂರ ವಂಶದವರ ಅಧಿಕೃತ ಟೈಲರು" ಎಂದು ಬರೆಸಿಕೊಂಡರು. ಆಮೇಲೆ ಚಿತ್ರಮಂದಿರದ ಮ್ಯಾನೇಜರು ಬಂದರು. ಸಿನಿಮಾ ಎರಡನೆಯ ವಾರಕ್ಕೇ ಕುಂಟುತ್ತಿತ್ತು. ಮ್ಯಾಟಿನಿಗೆ ಹಿಮಶೂರನ ಮೊಮ್ಮಗ ಖುದ್ದಾಗಿ ಬರುತ್ತಾನೆ ಅಂತ ಗೋಡೆ ತುಂಬ ಅಂಟಿಸಿದರು. ಹೌಸ್‌ಫುಲ್. ಪರದೆಯ ಮುಂದೆ ಕೆಂಪು ಕೋಟು ತೊಟ್ಟ ಸೋಮಾರಿ ಮೀಟರಪ್ಪನ ಕಾಲ ಬಳಿ ಮಲಗಿ ಗೊರಕೆ ಹೊಡೆಯಿತು.

"ನೋಡಿ, ಎಷ್ಟು ಗಂಭೀರ," ಎಂದಳು ಮುಂದಿನ ಸಾಲಿನ ಟೀಚರು. "ತಾತ ಮಾಡಿದ ಸಾಧನೆ ಬಗ್ಗೆ ಚೂರೂ ಅಹಂಕಾರ ಇಲ್ಲ."

ಪುರಸಭೆಯ ಅಧ್ಯಕ್ಷರು ಒಂದು ಭಾಷಣದಲ್ಲಿ, ಯುವಕರು ಈ ನಾಯಿಯಿಂದ ಕಲಿಯಬೇಕು ಎಂದರು. ಯುವಕರು ಏನು ಕಲಿಯಬೇಕೆಂದು ಹೇಳಲಿಲ್ಲ. ಸೋಮಾರಿ ಅಂದಿನವರೆಗೆ ಮಾಡಿದ್ದು ನಿದ್ದೆ ಒಂದೇ ಆದ್ದರಿಂದ ಯುವಕರೂ ಅದನ್ನೇ ಮುಂದುವರಿಸಿದರು. ಪತ್ರಿಕೆಯವರು ಅದರ ಹರಿದ ಕಿವಿಯ ಫೋಟೋ ಹಾಕಿ "ತೋಳದೊಡನೆ ಹೋರಾಟದ ಗುರುತು?" ಎಂದು ಬರೆದರು. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ಅವರ ಪ್ರಾಮಾಣಿಕತೆ.

ಆ ಫೋಟೋವನ್ನು ಪ್ರಾಣಿ ದಯಾ ಇಲಾಖೆಯ ಇನ್‌ಸ್ಪೆಕ್ಟರು ನೋಡಿದರು. ಹೊಸದಾಗಿ ಬಂದವರು, ಮೃದು ಮನಸ್ಸಿನವರು, ಕಾಯಿದೆ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವವರು. ಮೂರನೆಯ ದಿನ ನೋಟಿಸು ಬಂತು. ಹಿಮಪ್ರದೇಶದ ತಳಿಯ ನಾಯಿಯನ್ನು ಈ ಬಿಸಿಲಿನಲ್ಲಿ, ಅದೂ ಉಣ್ಣೆಯ ಕೋಟು ತೊಡಿಸಿ ಇಟ್ಟುಕೊಂಡಿರುವುದು ಹಿಂಸೆ. ನಾಯಿಯನ್ನು ಇಲಾಖೆ ವಶಪಡಿಸಿಕೊಂಡು ಬೆಟ್ಟದ ಮೇಲಿನ ಶೀತಲ ಆಶ್ರಮಕ್ಕೆ ಕಾಯಂ ಆಗಿ ಸಾಗಿಸುತ್ತದೆ. ಏಳು ದಿನ ಗಡುವು.

ಮೀಟರಪ್ಪ ನೋಟಿಸನ್ನು ಓದಿ ಹೊಸ್ತಿಲ ಮೇಲೆ ಕುಸಿದು ಕೂತ. ಕಾಯಂ ಎಂಬ ಪದವನ್ನು ಬೆರಳಿಟ್ಟು ಮತ್ತೆ ಓದಿದ. ಅವನು ಕೂತದ್ದರಿಂದ ಸೋಮಾರಿ ಬಂದು ಅವನ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. ಮೀಟರಪ್ಪನಿಗೆ ಅಳು ಬಂತು, ಅತ್ತ.

ಮಾರನೆಯ ದಿನ ಕಿಟಕಿಗೆ ಓಡಿದ. "ಸಾರ್, ಆ ಲೈಸೆನ್ಸ್ ರದ್ದು ಮಾಡಿ. ನಮ್ಮದು ಬೀದಿ ನಾಯಿ."

ಗುಮಾಸ್ತರು ರದ್ದತಿ ಅರ್ಜಿ ಕೊಟ್ಟರು. "ನಾಯಿಯ ತಂದೆ ತಾಯಿ ಇಬ್ಬರನ್ನೂ ಹಾಜರುಪಡಿಸಬೇಕು. ಇಲ್ಲಾಂದ್ರೆ ಹೆಸರು, ವಿಳಾಸ, ಐದು ಜನ ನೆರೆಯವರ ಸಾಕ್ಷಿ."

ನೆರೆಯವರು ತಾನೇ, ಅದೇನು ಮಹಾ ಎಂದುಕೊಂಡ ಮೀಟರಪ್ಪ. ಟೈಲರು ಅಳತೆ ಪಟ್ಟಿಯನ್ನು ಕುತ್ತಿಗೆಗೆ ಸುತ್ತಿಕೊಂಡು ದುಃಖದಿಂದ ತಲೆಯಾಡಿಸಿದರು. "ನಾನು ಸಾಕ್ಷಿ ಹೇಳಿದ್ರೆ ನನ್ನ ಬೋರ್ಡ್ ಗತಿ ಏನು? ಬೀದಿ ನಾಯಿಗೆ ಕೋಟು ಹೊಲಿದವನು ಅಂತ ಬರೆಸಲಾ?" ಚಿತ್ರಮಂದಿರದ ಮ್ಯಾನೇಜರು ಗುರುತೇ ಇಲ್ಲದವರಂತೆ ಟಿಕೆಟ್ ಪುಸ್ತಕ ತಿರುವಿದರು. ಟೀಚರು ಮಕ್ಕಳ ಕೈಯಲ್ಲಿ ಆಗಲೇ ಪ್ರಬಂಧ ಬರೆಸಿ ಬಹುಮಾನವನ್ನೂ ಹಂಚಿಬಿಟ್ಟಿದ್ದಳು. ಒಟ್ಟಿನಲ್ಲಿ ಸತ್ಯ ಹೇಳುವುದಕ್ಕೆ ಓಣಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

"ನೀನಾದ್ರೂ ಹೇಳೇ," ಎಂದು ಹೆಂಡತಿಯ ಮುಂದೆ ಅಂಗಲಾಚಿದ.

"ರೀ, ಅಕ್ಕ ನನಗೆ ತಾನಾಗೇ ಫೋನ್ ಮಾಡೋಕೆ ಶುರು ಮಾಡಿ ಇನ್ನೂ ಒಂದು ತಿಂಗಳಾಗಿಲ್ಲ," ಎಂದಳು ಅವಳು, ಸೋಮಾರಿಯ ಹರಿದ ಕಿವಿಗೆ ಎಣ್ಣೆ ಹಚ್ಚುತ್ತ. ಆಮೇಲೆ ಮೂಗು ಒರೆಸಿಕೊಂಡಳು. "ಆಯ್ತು, ಹೇಳ್ತೀನಿ. ಆದ್ರೆ ಹೆಂಡತಿ ಸಾಕ್ಷಿ ನಡೆಯುತ್ತಾ ಕೇಳಿ."

ನಡೆಯಲಿಲ್ಲ. ಗಡುವಿನ ದಿನ ಇನ್‌ಸ್ಪೆಕ್ಟರು ವ್ಯಾನು ತಂದರು. ಸುದ್ದಿ ತಿಳಿದು ಓಣಿಗೆ ಓಣಿಯೇ ನೆರೆದಿತ್ತು. ಷಡ್ಡಕರು ಸಹಕುಟುಂಬ ಬಂದು ಒಂದು ಬದಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಸಾರ್, ಅದು ಕಾರ್ಟೂನು," ಎಂದ ಮೀಟರಪ್ಪ ಕೈ ಮುಗಿದು. "ಪೆನ್ಸಿಲ್‌ನಲ್ಲಿ ಬರೆದ ನಾಯಿ. ಅದಕ್ಕೆ ಮೊಮ್ಮಗ ಹೇಗೆ ಸಾರ್ ಇರ್ತಾನೆ?"

ಇನ್‌ಸ್ಪೆಕ್ಟರು ಕನಿಕರದಿಂದ ನೋಡಿದರು. "ಅದನ್ನೆಲ್ಲ ಮುದ್ರೆ ಬೀಳೋ ಮೊದಲು ಹೇಳಬೇಕಿತ್ತು. ಆದ್ರೂ ನಾನು ಅನ್ಯಾಯ ಮಾಡೋನಲ್ಲ. ಪರೀಕ್ಷೆ ಮಾಡೋಣ. ಬಂಡಿಗೆ ಕಟ್ಟೋಣ. ಎಳೆದರೆ ಹಿಮಬಂಡಿ ತಳಿ. ಎಳೀದಿದ್ರೆ ಸಾಧಾರಣ ನಾಯಿ ಅಂತ ಬರೆದು ನಿಮಗೇ ಬಿಟ್ಟುಹೋಗ್ತೀನಿ."

ಮೀಟರಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಸೋಮಾರಿ ಬಂಡಿ ಎಳೆಯುವುದೇ? ತನ್ನ ಮೈಯನ್ನೇ ಅದು ಕಷ್ಟಪಟ್ಟು ಎಳೆಯುತ್ತಿತ್ತು. ಹಿಮಬಂಡಿ ಸಿಗಲಿಲ್ಲವಾಗಿ ನೀರಿನ ಕಚೇರಿಯಿಂದ ಪೈಪು ಸಾಗಿಸುವ ತಳ್ಳುಗಾಡಿ ತರಿಸಿದರು. ಟೈಲರು ಉತ್ಸಾಹದಿಂದ ಪಟ್ಟಿ ಹೊಲಿದು ನಾಯಿಯ ಎದೆಗೆ ಬಿಗಿದರು. ಭಾರ ಬೇಕಲ್ಲ ಎಂದು ಇನ್‌ಸ್ಪೆಕ್ಟರು ಫೈಲು ತೊಡೆಯ ಮೇಲಿಟ್ಟುಕೊಂಡು ತಾವೇ ಗಾಡಿಯಲ್ಲಿ ಕೂತರು.

"ನಡಿ," ಎಂದರು.

ಸೋಮಾರಿ ಮಲಗಿತು. ಇನ್‌ಸ್ಪೆಕ್ಟರು ಸೀಟಿ ಊದಿದರು. ಅದು ಮಗ್ಗುಲು ಬದಲಿಸಿತು. ಟೀಚರ ಕ್ಲಾಸಿನ ಮಕ್ಕಳೆಲ್ಲ ಸೇರಿ ಸಿನಿಮಾದ ಹಾಡು ಹಾಡಿದರು. ಅದು ಆಕಳಿಸಿ ಕಣ್ಣು ಮುಚ್ಚಿತು. ಕಾಲು ಗಂಟೆಯಾಯಿತು. ಜನ ಗೊಣಗತೊಡಗಿದರು. ಟೈಲರ ಮುಖ ಸಣ್ಣಗಾಯಿತು. ಇನ್‌ಸ್ಪೆಕ್ಟರು ನಿಟ್ಟುಸಿರುಬಿಟ್ಟು ಫೈಲು ತೆರೆದು "ಸಾಧಾರಣ ನಾ" ಎನ್ನುವವರೆಗೆ ಬರೆದರು. ಅಲ್ಲಿಗೆ ಪೆನ್ನಿನ ಇಂಕು ಮುಗಿಯಿತು.

"ಪೆನ್ನು ಇದೆಯಾ ಯಾರ ಹತ್ರಾದ್ರೂ?"

"ನಾನು ತರ್ತೀನಿ ಸಾರ್, ನಾನು ತರ್ತೀನಿ," ಎಂದ ಮೀಟರಪ್ಪ. ಸಂತೋಷದಲ್ಲಿ ಅವನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಎದುರಿನ ಟೈಲರ್ ಅಂಗಡಿಯ ಕಡೆಗೆ ದಾಪುಗಾಲು ಹಾಕಿ ಹೊರಟ.

ಅವನು ಹೊರಟದ್ದನ್ನು ಸೋಮಾರಿ ನೋಡಿತು. ಎದ್ದಿತು. ಗಾಡಿಯೂ ಎದ್ದಿತು. ಗಾಡಿಯ ಮೇಲೆ ಇನ್‌ಸ್ಪೆಕ್ಟರು, ಅವರ ಟೋಪಿ, ಅವರ ಫೈಲು. ಅವನು ಅವಸರದಲ್ಲಿದ್ದುದರಿಂದ ನಾಯಿಯೂ ಅವಸರಿಸಿತು. ಗಾಡಿ ರಸ್ತೆಗೆ ಅಡ್ಡವಾಗಿ ಓಡಿತು. ಮೊದಲು ಟೋಪಿ ಹಾರಿತು, ಆಮೇಲೆ ಫೈಲಿನ ಹಾಳೆಗಳು. ಮೀಟರಪ್ಪ ಹಿಂತಿರುಗಿ ನೋಡಿ ಗಾಬರಿಯಿಂದ ಓಡತೊಡಗಿದ. ಅವನು ಓಡಿದಷ್ಟೂ ಅದು ಓಡಿತು. ಓಣಿಯ ಕೊನೆಯವರೆಗೆ ಹೋಗಿ, ನೀರಿನ ಟ್ಯಾಂಕನ್ನು ಒಂದು ಸುತ್ತು ಹಾಕಿ, ಟೈಲರ ಸ್ಟೂಲನ್ನು ಉರುಳಿಸಿ ಮೆರವಣಿಗೆ ನಿಂತಾಗ ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಇನ್‌ಸ್ಪೆಕ್ಟರ ಕೂದಲು ನೆಟ್ಟಗೆ ನಿಂತಿತ್ತು, ಕಣ್ಣು ತೇವವಾಗಿತ್ತು.

"ಸಿನಿಮಾದಲ್ಲಿ ಕೂಡ ಇಷ್ಟು ವೇಗ ಇರಲಿಲ್ಲ," ಎಂದರು. ಹೊಸ ಹಾಳೆ ತೆಗೆದು, ಟೈಲರು ಕೊಟ್ಟ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಬರೆದರು: "ಸಂಶಯವಿಲ್ಲ."

ಇಬ್ಬರು ಆಳುಗಳು ಸೋಮಾರಿಯನ್ನು ಎತ್ತಿ ವ್ಯಾನಿಗೆ ಹಾಕತೊಡಗಿದರು. ಮೀಟರಪ್ಪ ಅಡ್ಡ ನಿಂತ. "ನಾನು ಸುಳ್ಳ. ಸುಳ್ಳು ಬರೆದೆ. ಮೋರಿಯಲ್ಲಿ ಹುಟ್ಟಿದ್ದು ಸಾರ್, ನನ್ನ ಕಣ್ಣಾರೆ ನೋಡಿದ್ದೀನಿ."

"ಪಾಪ, ಅಗಲಿಕೆ," ಎಂದಳು ಟೀಚರು. ಎಲ್ಲರೂ ಹೌದು ಹೌದು ಎಂದರು.

ಆಗ ಮೀಟರಪ್ಪ ಷಡ್ಡಕರ ಕಡೆ ತಿರುಗಿದ. ಹೆಂಡತಿಯನ್ನು ಬಿಟ್ಟರೆ ಅಲ್ಲಿ ನೆರೆದವರಲ್ಲಿ ಅವನ ಸುಳ್ಳನ್ನು ಮನಸಾರೆ ನಂಬದವರು ಅವರೊಬ್ಬರೇ ಎಂಬುದು ಅವನಿಗೆ ಗೊತ್ತಿತ್ತು. "ಭಾವ, ನೀವಾದ್ರೂ ಹೇಳಿ."

ಷಡ್ಡಕರು ಕಾಲ ಮೇಲೆ ಕಾಲು ಹಾಕಿದರು. "ಏನು ಹೇಳಲಪ್ಪಾ? ನಿನ್ನದು ರಾಜವಂಶ ಅಲ್ವಾ?"

"ಅಲ್ಲ."

"ಜೋರಾಗಿ. ಹಿಂದೆ ಇರೋರಿಗೆ ಕೇಳಿಸಲ್ಲ."

ಹೆಂಡತಿ, ಅತ್ತಿಗೆ, ಟೈಲರು, ಎಲ್ಲರೂ ನೋಡುತ್ತಿದ್ದರು. ಮೀಟರಪ್ಪ ಒಮ್ಮೆ ವ್ಯಾನಿನ ಜಾಲರಿಗೆ ಮೂಗು ಒತ್ತಿ ನಿಂತಿದ್ದ ಸೋಮಾರಿಯನ್ನು ನೋಡಿದ. ಗಂಟಲು ಹರಿಯುವಂತೆ ಹೇಳಿದ. "ನನ್ನದು ಮೋರಿ ತಳಿ. ನಿಮ್ಮದೇ ನಿಜವಾದ ಹಿಮದ ನಾಯಿ ಭಾವ. ನಾನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ."

ಷಡ್ಡಕರಿಗೆ ಜನ್ಮ ಸಾರ್ಥಕವಾಯಿತು. ಎದ್ದು, ಅಂಗಿ ಸರಿಪಡಿಸಿಕೊಂಡು, ಜೇಬಿನಿಂದ ಪ್ಲಾಸ್ಟಿಕ್ ಹಾಕಿಸಿದ ಸರ್ಟಿಫಿಕೇಟು ತೆಗೆದು ಇನ್‌ಸ್ಪೆಕ್ಟರ ಮೂಗಿನ ಮುಂದೆ ಹಿಡಿದರು. "ಸ್ವಾಮಿ, ಹಿಮದ ನಾಯಿ ಅಂದ್ರೆ ಇದು. ಅಪ್ಪ, ಅಜ್ಜ, ಮುತ್ತಜ್ಜ, ಮಂಜಿನಲ್ಲಿ ನಿಂತ ಫೋಟೋ ಸಮೇತ. ಇವನದು ನಾಯಿ ಅಲ್ಲ, ನಾಯಿ ಅನ್ನೋದಕ್ಕೇ ಅವಮಾನ."

ಇನ್‌ಸ್ಪೆಕ್ಟರು ಸೋಮಾರಿಯ ಲೈಸೆನ್ಸನ್ನೂ ಈ ಸರ್ಟಿಫಿಕೇಟನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ಓದಿದರು. ಕಾಯಿದೆ ಪುಸ್ತಕ ತೆರೆದರು, ಮುಚ್ಚಿದರು. ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು.

"ಈ ನಾಯಿ ಈಗ ಎಲ್ಲಿದೆ?"

"ನಮ್ಮನೇಲಿ. ಟೆರೇಸ್ ಮೇಲೆ."

"ಈ ಬಿಸಿಲಲ್ಲಾ?" ಎಂದರು ಇನ್‌ಸ್ಪೆಕ್ಟರು. ಅವರ ಮೃದು ಮನಸ್ಸು ನಡುಗಿತು.

ವ್ಯಾನಿನಲ್ಲಿ ಒಂದೇ ನಾಯಿಗೆ ಜಾಗವಿತ್ತು. ಸಂಶಯವಿಲ್ಲ ಎಂದಿದ್ದುದನ್ನು ಹೊಡೆದುಹಾಕಿ, ಮೋರಿ ನಾಯಿ ಎಂದು ಬರೆದು ಸೋಮಾರಿಯನ್ನು ಇಳಿಸಿದರು. ಷಡ್ಡಕರನ್ನು ದಾರಿ ತೋರಿಸುವುದಕ್ಕೆ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೇಹೋದರು. ಷಡ್ಡಕರು ಕಿಟಕಿಯಿಂದ ಏನೋ ಕೂಗುತ್ತಿದ್ದರು. ಹಿಂದೆ ಇದ್ದವರಿಗೆ ಕೇಳಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೀಟರಪ್ಪ ಹಲ್ಲುಜ್ಜುತ್ತಿದ್ದಾಗ ಷಡ್ಡಕರು ಬಾಗಿಲಲ್ಲಿ ನಿಂತಿದ್ದರು. ಕಣ್ಣು ಊದಿಕೊಂಡಿತ್ತು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಕೈಯಲ್ಲಿ ರದ್ದತಿ ಅರ್ಜಿ.

"ಮನೇಲಿ ಯಾರೂ ಊಟ ಮಾಡಿಲ್ಲ ಕಣಪ್ಪಾ," ಎಂದರು. "ಅದು ವ್ಯಾನಿನಲ್ಲಿ ನನ್ನನ್ನೇ ನೋಡ್ತಿತ್ತು."

ಮೀಟರಪ್ಪನಿಗೆ ಬಾಯಲ್ಲಿ ನೊರೆ ಇದ್ದುದರಿಂದ ಮಾತಾಡಲಾಗಲಿಲ್ಲ. ನಿಜಕ್ಕೂ ಪಾಪ ಅನ್ನಿಸಿತು. ಕುರ್ಚಿ ತೋರಿಸಿದ.

"ನಿನ್ನ ನಾಯಿ ಮೋರಿದು ಅಂತ ಇಲಾಖೆ ಒಪ್ಪಿಕೊಂಡಿದೆ. ನಮ್ಮ ನಾಯಿನೂ ನಿನ್ನ ನಾಯಿನೂ ಒಂದೇ ತಾಯಿಯ ಒಂದೇ ಸೂಲಿನವು ಅಂತ ಬರೆದುಕೊಟ್ಟರೆ ಬಿಡ್ತಾರಂತೆ."

ಮೀಟರಪ್ಪ ಬಾಯಿ ಮುಕ್ಕಳಿಸಿ ಬಂದು ಪೆನ್ನು ಹಿಡಿದು ಕೂತ. ಹೆಂಡತಿ ಚಹಾ ತಂದಿಟ್ಟು, ಏನು ಬರೆಯುತ್ತಾನೆಂದು ನೋಡುತ್ತ ಅಲ್ಲೇ ನಿಂತಳು. ಅವನು ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಅಕ್ಷರ ದುಂಡಗೆ ಬರಲಿ ಎಂದು ನಾಲಿಗೆ ಹೊರಗೆ ಚಾಚಿಕೊಂಡು ಬರೆದ. ಕೊನೆಗೆ ಕಾಗದವನ್ನು ಷಡ್ಡಕರ ಮುಂದೆ ಸರಿಸಿದ.

ಅದರಲ್ಲಿ ಹೀಗಿತ್ತು: "ಸದರಿ ಬಿಳಿ ನಾಯಿ ನಮ್ಮ ಸೋಮಾರಿಯ ಸ್ವಂತ ತಮ್ಮ. ಅದೇ ಮೋರಿ. ಚಿಕ್ಕಂದಿನಿಂದ ಬುದ್ಧಿ ಸ್ವಲ್ಪ ಕಡಿಮೆ. ಆದರೂ ಅಣ್ಣನ ಹೆಸರು ಕೆಡಿಸಿಲ್ಲ. ಇದು ಸತ್ಯವೆಂದು ನಾಯಿಯ ಮಾಲೀಕರು ಒಪ್ಪಿ ಸಹಿ ಹಾಕಿರುತ್ತಾರೆ."

ಷಡ್ಡಕರು ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿದರು.